ತೊಳೆದಿಟ್ಟ ಕಲ್ಲು

ಹನುಮಂತರಾಯಪ್ಪನವರು ಯಾರಿಗೇ ಕಲ್ಲು ಕೊಡುವ ಮೊದಲು ಅದರ ಮೇಲೆ ಒಂದು ಚೊಂಬು ನೀರು ಸುರಿದು, ಬೀಡಿ ಹಚ್ಚಿ ಕಾಯುತ್ತಿದ್ದರು. ಕಲ್ಲೆಲ್ಲ ಒಣಗಿದ ಮೇಲೂ ಒಂದು ಕಡೆ ಕೂದಲೆಳೆಯಷ್ಟು ಒದ್ದೆ ಗೆರೆ ಉಳಿದುಕೊಂಡರೆ ಅಲ್ಲಿ ಬಿರುಕು ಇದೆ ಎಂದು ಲೆಕ್ಕ. ಅಂಥ ಕಲ್ಲು ಅವರ ಮನೆಯಂಗಳ ದಾಟುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಸುತ್ತಮುತ್ತಲ ದ್ರಾಕ್ಷಿ ತೋಟಗಳ ಚಪ್ಪರ ಹೊತ್ತು ನಿಂತಿರುವ ಕಲ್ಲುಕಂಬಗಳಲ್ಲಿ ಎಷ್ಟೋ ಅವರ ಉಳಿಯಿಂದ ಬಂದವು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೊಟ್ಟ ಒಂದು ಕಂಬ ಮಾತ್ರ ಗೊನೆಗಳ ಭಾರಕ್ಕೆ ನಡುವೆ ತುಂಡಾಗಿ, ಅರ್ಧ ಚಪ್ಪರ ನೆಲಕ್ಕೆ ಮಲಗಿತ್ತಂತೆ. ತೋಟದವರು ಬಯ್ಯಲಿಲ್ಲ. ಎರಡೂ ತುಂಡನ್ನು ಗಾಡಿಯಲ್ಲಿ ತಂದು ಅವರ ಮನೆ ಮುಂದೆ ಇಳಿಸಿ ಹೋದರು. ನೀರು ಸುರಿದು ನೋಡುವುದು ಶುರುವಾದದ್ದು ಅಂದಿನಿಂದ. ಆ ತುಂಡುಗಳು ಈಗಲೂ ಬಾಗಿಲ ಎರಡು ಪಕ್ಕದಲ್ಲಿವೆ, ಬಂದವರು ಕೂರುತ್ತಾರೆ.

ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಬರೆಯುವುದಕ್ಕೇನೂ ಇರುತ್ತಿರಲಿಲ್ಲ.

ನನ್ನ ಹೆಸರು ರಂಜಿತ, ಊರು ನೆಲಮಂಗಲದ ಪಕ್ಕದ ಅರಿಶಿನಕುಂಟೆ. ಬಂಡೆ ಯಾಕೆ ಜಾರುತ್ತದೆ, ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ಲೆಕ್ಕ ಹಾಕುವುದನ್ನು ಓದಿ, ಅದೇ ಕೆಲಸ ಮಾಡುತ್ತೇನೆ. ಕಲ್ಲಿಗೂ ಒಂದು ಓದೇ ಎಂದು ನೆಂಟರು ನಗುತ್ತಾರೆ. ನಗಲಿ. ಗಣಿಯಲ್ಲಿ ಗೋಡೆ ಜರುಗಿ ಯಾರಾದರೂ ಸತ್ತರೆ ಅದೇ ನೆಂಟರು ಹಣೆಬರಹ ಎನ್ನುತ್ತಾರೆ, ಆಗ ನನಗೆ ಮೈಯೆಲ್ಲ ಉರಿಯುತ್ತದೆ.

ಮೂರು ವರ್ಷದ ಹಿಂದೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಕಲ್ಲು ಕ್ವಾರಿಯವರು ನಮ್ಮ ಸಂಸ್ಥೆಯನ್ನು ಕರೆಸಿದರು. ಗುಂಡಿ ಆಗಲೇ ಇಪ್ಪತ್ತು ಮೀಟರ್ ಆಳವಿತ್ತು. ಪೂರ್ವದ ಗೋಡೆಯನ್ನು ಹಿಂದಕ್ಕೆ ಕಡಿದು, ಇನ್ನೂ ಇಪ್ಪತ್ತು ಮೀಟರ್ ಕೆಳಗಿಳಿಯುವ ಯೋಚನೆ ಅವರದು. ಆ ಗೋಡೆಯನ್ನು ಎಷ್ಟು ಕಡಿದಾಗಿ ನಿಲ್ಲಿಸಬಹುದು, ಮೇಲಿನಿಂದ ಬಿದ್ದದ್ದನ್ನು ತಡೆಯಲು ನಡುವೆ ಎಷ್ಟು ಅಗಲದ ಮೆಟ್ಟಿಲು ಬಿಡಬೇಕು ಎಂದು ಹೇಳುವುದು ನನ್ನ ಪಾಲಿನ ಕೆಲಸ. ಅದಕ್ಕಾಗಿ ಗೋಡೆಯ ನೆತ್ತಿಯಲ್ಲಿ ಮೂರು ಕಡೆ ನಲವತ್ತು ಮೀಟರ್ ಕೊರೆಸಿದೆವು. ಕೊರೆಯುವ ಯಂತ್ರ ಮಣಿಕಟ್ಟಿನಷ್ಟು ದಪ್ಪದ ಉರುಟು ಕಲ್ಲನ್ನು ತುಂಡು ತುಂಡಾಗಿ ಮೇಲೆ ತರುತ್ತದೆ. ಅದನ್ನು ಬಂದ ಕ್ರಮದಲ್ಲೇ, ಮೀಟರಿಗೊಂದು ಸಾಲಿನಂತೆ ಮರದ ಪೆಟ್ಟಿಗೆಗಳಲ್ಲಿ ಜೋಡಿಸಬೇಕು. ಉದ್ದ ತುಂಡುಗಳು ಹೆಚ್ಚಿದ್ದರೆ ಬಂಡೆ ಇಡಿಯಾಗಿದೆ ಎಂದರ್ಥ; ಚೂರು, ಪುಡಿ, ಮಣ್ಣು ಬಂದರೆ ಒಳಗೆ ಎಲ್ಲೋ ಒಡಕಿದೆ ಎಂದರ್ಥ. ಗೋಡೆ ಜರುಗುವುದು ಒಡಕಿನ ಮೇಲೆಯೇ ಆದ್ದರಿಂದ ನನಗೆ ಬೇಕಾದದ್ದೂ ಅದೇ.

ಪೆಟ್ಟಿಗೆ ಜೋಡಿಸಲು ಕ್ವಾರಿಯವರು ಹನುಮಂತರಾಯಪ್ಪನವರನ್ನು ಕೊಟ್ಟರು. ವಯಸ್ಸು ಅರವತ್ತು ದಾಟಿತ್ತು. ಕಲ್ಲುಕಂಬದ ಜಾಗಕ್ಕೆ ಕಬ್ಬಿಣದ ಕಂಬ ಬಂದ ಮೇಲೆ ಉಳಿ ಸುತ್ತಿಗೆಯನ್ನು ಅಟ್ಟಕ್ಕೆ ಹಾಕಿದ್ದರು. ಮಗ ನಂದೀಶ್ ಅದೇ ಕ್ವಾರಿಯ ತಳದಲ್ಲಿ ಸಿಡಿಮದ್ದಿಗೆ ಕುಳಿ ತೋಡುವ ಕೆಲಸದಲ್ಲಿದ್ದ. ಮತ್ತೆ ಕಲ್ಲಿನ ಕೆಲಸ ಸಿಕ್ಕಿತೆಂದು ಮುದುಕರು ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕ್ರಮ ತಪ್ಪಬಾರದು, ಅಚ್ಚುಕಟ್ಟಾಗಿರಬೇಕು ಎಂದಷ್ಟೇ ಹೇಳಿ ನಾನು ಬಸ್ಸು ಹಿಡಿದೆ. ಪುಡಿಯನ್ನೂ ಮಣ್ಣನ್ನೂ ಇಡಬೇಕು ಎಂದು ಹೇಳಲಿಲ್ಲ. ಕಾಲೇಜಿನಲ್ಲಿ ಓದಿದವರಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡುಬಿಟ್ಟೆ.

ಅವರು ನಲವತ್ತು ವರ್ಷ ಮಾಡಿದ್ದನ್ನೇ ಮಾಡಿದರು. ಕೊಳವೆಯಿಂದ ಬಂದ ಪ್ರತಿ ತುಂಡನ್ನೂ ತೊಳೆದರು, ಒಣಗಲು ಬಿಟ್ಟರು. ಒದ್ದೆ ಗೆರೆ ಉಳಿದದ್ದನ್ನು ಆಚೆಗಿಟ್ಟರು. ಚೂರನ್ನೂ ಹಳದಿ ಮಣ್ಣನ್ನೂ ಮಂಕರಿಗೆ ಸುರಿದು ಹೊಂಗೆ ಮರದ ಬುಡಕ್ಕೆ ಹಾಕಿದರು. ಉಳಿದ ಒಳ್ಳೆಯ ಕಲ್ಲುಗಳನ್ನು ಬಾಯಿಗೆ ಬಾಯಿ ಕೂಡಿಸಿ, ಸಂದಿಲ್ಲದಂತೆ ಸಾಲಾಗಿಟ್ಟು, ಆಳದ ಗುರುತಿನ ಮರದ ಚಕ್ಕೆಗಳನ್ನೂ ಅದಕ್ಕೆ ತಕ್ಕಂತೆ ಸರಿಸಿದರು. ಪೆಟ್ಟಿಗೆಗಳು ಮದುವೆ ಮನೆಗೆ ಜೋಡಿಸಿದ ತಟ್ಟೆಗಳ ಹಾಗೆ ಕಂಡವು. ಇಷ್ಟು ಒಳ್ಳೆಯ ಬಂಡೆಯನ್ನು ನಾನು ನೋಡಿರಲೇ ಇಲ್ಲ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ಕೊರೆದದ್ದು ನಲವತ್ತು ಮೀಟರ್, ಮೊದಲ ಕುಳಿಯ ಪೆಟ್ಟಿಗೆಗಳಲ್ಲಿ ಇದ್ದದ್ದು ಮೂವತ್ತೆಂಟೂವರೆ. ಒಂದು ಸಲ ಟೇಪು ಹಿಡಿದು ಕೂಡಿಸಿದ್ದರೆ ಸಾಕಿತ್ತು. ನಾನು ಬೆಂಗಳೂರಿನಲ್ಲಿ ಕೂತು ಫೋಟೊ ನೋಡಿ ಲೆಕ್ಕ ಹಾಕಿದೆ. ನಮ್ಮ ಮೇಲಧಿಕಾರಿ ವೇಣುಗೋಪಾಲ್ ಸರ್ ಖುಷಿಯಾದರು. ಗೋಡೆ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ, ಮೂರು ಮೀಟರ್ ಮೆಟ್ಟಿಲು ಸಾಕು ಎಂದು ವರದಿ ಸಿದ್ಧವಾಯಿತು.

ಒಪ್ಪಿಸುವ ಮೊದಲು ಕೊನೆಯ ಸಲ ಜಾಗ ನೋಡಲು ಹೋದೆ. ಬರುವ ಸೋಮವಾರವೇ ಕಡಿಯಲು ಶುರು ಎಂದು ಕ್ವಾರಿಯವರು ಹೇಳಿದ್ದರು. ಪೆಟ್ಟಿಗೆಗಳಿದ್ದ ಶೆಡ್ಡಿನಲ್ಲಿ ಹನುಮಂತರಾಯಪ್ಪನವರು ಚಹಾ ತರಿಸಿ, ನನ್ನ ನಕ್ಷೆಯನ್ನು ಕುತೂಹಲದಿಂದ ನೋಡಿದರು. ಇದೇನು, ಅದೇನು ಎಂದು ಕೇಳಿದರು. ನಂದೀಶ ಎಲ್ಲಿ ನಿಂತಿರುತ್ತಾನೆ ಎಂದೂ ಕೇಳಿದರು. ಗೋಡೆಯ ಬುಡದಲ್ಲಿ ಬೆರಳಿಟ್ಟು ತೋರಿಸಿದೆ.

ಅವರು ನಕ್ಷೆಯ ಮೇಲಿನ ನೆಟ್ಟಗಿನ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಬೆರಳಲ್ಲಿ ಸವರಿದರು.

"ಇಷ್ಟು ನೆಟ್ಟಗಾ? ಇದು ನಿಲ್ಲುತ್ತೆ ಅಂತ ಯಾರಮ್ಮಾ ಹೇಳಿದ್ದು?"

ನೀವೇ ಎಂದೆ, ನಗುತ್ತಾ. ನಿಮ್ಮ ಪೆಟ್ಟಿಗೆ ನೋಡಿಯೇ ಬರೆದದ್ದು, ಎಲ್ಲೂ ಒಂದು ಒಡಕಿಲ್ಲವಲ್ಲ ಎಂದೆ.

ಅವರು ಚಹಾ ಲೋಟ ಕೆಳಗಿಟ್ಟರು.

"ಅಯ್ಯೋ, ಇತ್ತಲ್ಲಮ್ಮಾ. ಮೊದಲ್ನೇ ಕುಳೀಲಿ ಇಪ್ಪತ್ನಾಲ್ಕನೇ ಮೀಟ್ರಲ್ಲಿ ಹಳದಿ ಮಣ್ಣು ಬಂತು, ಬೆಣ್ಣೆ ಬೆಣ್ಣೆ ತರ. ಉಳಿದೆರಡು ಕುಳೀಲೂ ಬಂತು, ಆಳ ಮಾತ್ರ ಬೇರೆ ಬೇರೆ. ಅಂಥದ್ನ ನಿಮ್ಗೆ ಹೆಂಗೆ ಕೊಡೋದು ಅಂತ ನಾನೇ ಆಚೆ ಸುರಿದ್ಬಿಟ್ಟೆ."

ನನಗೆ ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ. ಗುಂಡಿಯ ಅಂದಿನ ತಳಕ್ಕಿಂತ ಕೆಳಗಿದ್ದ ಆ ಪದರವನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಅದು ಗುಂಡಿಯ ಕಡೆಗೆ ಓರೆಯಾಗಿದ್ದರೆ, ಮಳೆ ನೀರು ಇಳಿದ ದಿನ ಮೇಲಿನ ಬಂಡೆಯೆಲ್ಲ ಅದರ ಮೇಲೆ ಜಾರಿ ನಂದೀಶನ ತಲೆ ಮೇಲೆ ಬರುತ್ತಿತ್ತು. ಮುದುಕರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಹೊಂಗೆ ಮರದ ಬುಡಕ್ಕೆ ಹೋಗಿ ಕೈಯಲ್ಲಿ ಕೆದಕಿದರು. ಮೂರು ಕುಳಿಯ ಮಣ್ಣೂ ಚೂರೂ ಮಳೆಗೆ ಒಂದಾಗಿತ್ತು, ಯಾವುದು ಯಾವ ಆಳದ್ದು ಎಂದು ಹೇಳುವಂತಿರಲಿಲ್ಲ.

ವೇಣುಗೋಪಾಲ್ ಸರ್‌ಗೆ ಅಲ್ಲಿಂದಲೇ ಫೋನ್ ಮಾಡಿ, ವರದಿ ಕೊಡುವುದು ಬೇಡ, ಮತ್ತೆ ಕೊರೆಯಬೇಕು ಎಂದೆ. ಯಾರ ತಪ್ಪು ಎಂದು ಕೇಳಿದರು. ನನ್ನದು ಎಂದೆ. ದೊಡ್ಡತನ ತೋರಿಸಲು ಹೇಳಿದ ಮಾತಲ್ಲ ಅದು, ಒಂದೂವರೆ ಮೀಟರ್ ಕಡಿಮೆ ಬಿದ್ದದ್ದನ್ನು ಕಾಣಬೇಕಾದವಳು ನಾನೇ. ಕ್ವಾರಿಯವರು ಗೊಣಗಿದರು, ಆ ಮುದುಕರನ್ನು ಬಿಡಿಸಿ ಬೇರೆಯವರನ್ನು ಹಾಕುತ್ತೇವೆ ಎಂದರು. ಅವರೇ ಬೇಕು ಎಂದು ನಾನು ಹಟ ಹಿಡಿದೆ. ಕಲ್ಲಿನ ಒಡಕನ್ನು ಅಷ್ಟು ಚೆನ್ನಾಗಿ ಗುರುತಿಸುವವರು ನನ್ನ ಆಫೀಸಿನಲ್ಲಿ ಯಾರಿದ್ದರು? ಅವರು ಆರಿಸಿ ಎಸೆದದ್ದನ್ನೇ ನಾನು ಹುಡುಕುತ್ತಿದ್ದೆ.

ಎರಡನೇ ಸಲ ಕೊರೆಯುವಾಗ ನಾನು ಬೆಂಗಳೂರಿಗೆ ಹೋಗಲಿಲ್ಲ, ಯಂತ್ರದ ಪಕ್ಕದಲ್ಲೇ ಕೂತೆ. ಹನುಮಂತರಾಯಪ್ಪನವರು ಅದೇ ರೀತಿ ನೀರು ಚಿಮುಕಿಸಿ, ಒದ್ದೆ ಗೆರೆ ಉಳಿದ ಕಡೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ಮೊದಲ ಕುಳಿಯ ಇಪ್ಪತ್ನಾಲ್ಕನೇ ಮೀಟರ್‌ನಲ್ಲಿ ಮಣ್ಣು ಬಂದಾಗ ಮಾತ್ರ ಚೊಂಬನ್ನು ದೂರ ಇಟ್ಟರು. ಚೂರುಗಳನ್ನು ಒಂದೊಂದಾಗಿ, ಬಂದ ಹಾಗೆಯೇ ಪೆಟ್ಟಿಗೆಗೆ ಇಳಿಸುವಾಗ ಅವರ ಮುಖ ಸಪ್ಪಗಿತ್ತು. ಒಡೆದ ಕಲ್ಲನ್ನು ಗೊತ್ತಿದ್ದೂ ಕೈಯಾರೆ ಕೊಡುತ್ತಿದ್ದದ್ದು ಅದೇ ಮೊದಲು. ಮೂರೂ ಕುಳಿಗಳ ಆಳ ಹೋಲಿಸಿದಾಗ ಪದರ ಗುಂಡಿಯ ಕಡೆಗೇ ಇಳಿಯುತ್ತಿರುವುದು ಖಚಿತವಾಯಿತು. ಗೋಡೆಯನ್ನು ಹಿಂದಕ್ಕೆ ಮಲಗಿಸಿ, ಪದರ ಹೊರಬರುವ ಜಾಗದ ಕೆಳಗೆ ಹನ್ನೆರಡು ಮೀಟರ್ ಅಗಲದ ಮೆಟ್ಟಿಲು ಬಿಡಬೇಕು, ಅಲ್ಲಿ ಯಾರೂ ನಿಲ್ಲಬಾರದು ಎಂದು ಬರೆದೆ. ಇಷ್ಟು ಕಲ್ಲನ್ನು ಸುಮ್ಮನೆ ಬಿಡಬೇಕೇ ಎಂದು ಕ್ವಾರಿಯವರು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದರು.

ಹೋದ ಸೆಪ್ಟೆಂಬರಿನ ಮಳೆಗೆ ಅದು ಜಾರಿತು. ಎಂಟು ಹತ್ತು ಲಾರಿಯಷ್ಟು ಬಂಡೆ ಆ ಪದರದ ಮೇಲಿಂದ ಇಳಿದು ಅಗಲದ ಮೆಟ್ಟಿಲ ಮೇಲೆ ಬಿದ್ದು, ಅಲ್ಲೇ ನಿಂತಿತು. ನಂದೀಶ್ ಆ ಹೊತ್ತಿಗೆ ಎದುರು ಗೋಡೆಯ ಹತ್ತಿರ ಊಟದ ಡಬ್ಬಿ ಬಿಚ್ಚುತ್ತಿದ್ದನಂತೆ. ಶಬ್ದ ಕೇಳಿ ತಿರುಗಿ ನೋಡಿ, ಮತ್ತೆ ಉಂಡನಂತೆ.

ಮರುವಾರ ನಾನು ಅಳತೆಗೆ ಹೋದಾಗ ಹನುಮಂತರಾಯಪ್ಪನವರು ಶೆಡ್ಡಿನಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಒಂದು ಮಂಕರಿ, ಅದರಲ್ಲಿ ಹಳದಿ ಮಣ್ಣು. ಜರುಗಿದ ಜಾಗದಿಂದ ಮಗನ ಕೈಯಲ್ಲಿ ತರಿಸಿದ್ದರು. ಮೂಲೆಯಲ್ಲಿ ಧೂಳು ಹಿಡಿದಿದ್ದ, ಮೊದಲ ಸಲ ಕೊರೆದಾಗಿನ ಮೊದಲ ಕುಳಿಯ ಪೆಟ್ಟಿಗೆ ಎಳೆದು, ತಾವೇ ಬಾಯಿಗೆ ಬಾಯಿ ಕೂಡಿಸಿಟ್ಟಿದ್ದ ತುಂಡುಗಳನ್ನು ಇಪ್ಪತ್ನಾಲ್ಕನೇ ಸಾಲಿನಲ್ಲಿ ಒಂದು ಗೇಣು ಬಿಡಿಸಿದರು. ಆ ಜಾಗಕ್ಕೆ ಮಣ್ಣು ತುಂಬಿ, ಹೆಬ್ಬೆರಳಲ್ಲಿ ಒತ್ತಿ ಸಮ ಮಾಡಿದರು.

"ಈಗ ಬರ್ಕೋ ತಾಯಿ," ಎಂದರು.

ಆ ಪೆಟ್ಟಿಗೆಯಿಂದ ಇನ್ನು ಯಾವ ಲೆಕ್ಕವೂ ಆಗಬೇಕಿರಲಿಲ್ಲ. ಆದರೂ ಪುಸ್ತಕ ತೆಗೆದು, ಇಪ್ಪತ್ನಾಲ್ಕನೇ ಮೀಟರ್, ಮಣ್ಣು, ಒಂದು ಗೇಣು ಎಂದು ಬರೆದುಕೊಂಡೆ.