ಅವ್ವ ಹಾಡಿಕೊಂಡು ಅತ್ತದ್ದು

ಆ ಆ್ಯಪಿನ ಹೆಸರು ಹೇಳಿದರೆ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ, ಅದಕ್ಕೇ ಹೇಳುವುದಿಲ್ಲ. ನಿಮ್ಮ ಫೋನಿನಲ್ಲೂ ಇದ್ದೇ ಇರುತ್ತದೆ. ದಾಂಡೇಲಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ, ಮನೆಯವರು ಪೇಪರ್ ಮಿಲ್ಲಿನಲ್ಲಿ. ಹೊಲಿದ ಬ್ಲೌಸುಗಳ ಫೋಟೋ ಅದರಲ್ಲಿ ಹಾಕುತ್ತಿದ್ದೆ. ನೋಡಿಕೊಂಡು ಹಳಿಯಾಳದಿಂದ, ಜೋಯಿಡಾದಿಂದ ಗಿರಾಕಿಗಳು ಬರುತ್ತಿದ್ದರು. ಅದರಿಂದ ನನಗೆ ಲಾಭ ಆಗಿಲ್ಲ ಅಂತ ನಾನು ಹೇಳುವುದಿಲ್ಲ. ಆದರೂ ಥೂ!

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರು ಎಂಥವರಿದ್ದರು, ಏನು ಉಣ್ಣುತ್ತಿದ್ದರು, ಯಾರ ಜೊತೆ ಜಗಳಾಡಿದರು, ಯಾರ ಕಷ್ಟಕ್ಕೆ ಓಡಿ ಹೋದರು, ಎಲ್ಲವೂ ಆ ಅಳುವಿನಲ್ಲಿ ರಾಗವಾಗಿ ಬರುತ್ತದೆ. ಹಳಿಯಾಳದ ಸುತ್ತಿನ ಹಳ್ಳಿಗಳಲ್ಲಿ ನಮ್ಮ ಅವ್ವ ಅದರಲ್ಲಿ ಎತ್ತಿದ ಕೈ. ಯಾರದೇ ಮನೆಯಲ್ಲಿ ಸಾವಾದರೂ ಮೊದಲು ಅವ್ವನಿಗೆ ಹೇಳಿ ಕಳಿಸುತ್ತಿದ್ದರು. ಅವ್ವ ಹೋಗಿ ಕೂತು ದನಿ ತೆಗೆದ ಮೇಲೆಯೇ ಉಳಿದ ಹೆಂಗಸರ ದುಃಖಕ್ಕೆ ದಾರಿ ಸಿಗುತ್ತಿತ್ತು.

ಅಪ್ಪ ತೀರಿಕೊಂಡಾಗ ಅವ್ವ ತನ್ನ ಗಂಡನಿಗಾಗಿ ಅತ್ತಳು. "ಚಾದಾಗ ಸಕ್ರಿ ಕಡಿಮಿ ಆತು ಅಂತ ಕಪ್ಪು ಒಗೀತಿದ್ದೆಲ್ಲೋ ನನ ರಾಜಾ, ಇನ್ನ ನನಗ ಬೈಯಾಕ ಯಾರು ಅದಾರೋ" ಎಂದು ಎದೆ ಬಡಿದುಕೊಂಡಳು. ಅಪ್ಪನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಕೇಳಿದವರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಒಂದು ಮಾತಿನಲ್ಲಿ ಅವರಿಬ್ಬರ ಇಡೀ ಸಂಸಾರ ಇತ್ತು.

ನಮ್ಮ ಕಾಕಾನ ಮಗ, ನಲವತ್ತು ದಾಟಿದವನು, ಅದನ್ನು ಫೋನಿನಲ್ಲಿ ಹಿಡಿದು ಆ್ಯಪಿಗೆ ಹಾಕಿದ. ಮಣ್ಣು ಕೊಡಲು ಬರಲಾಗದ ದೂರದ ಬಳಗದವರು ಇದ್ದಲ್ಲಿಂದಲೇ ನೋಡಲಿ ಅಂತ ಈಗ ಎಲ್ಲರೂ ಮಾಡುತ್ತಾರಲ್ಲ, ಹಾಗೆ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಯಾವನೋ ಮನೆಹಾಳ ಅದರಿಂದ ಅವ್ವನ ಸಕ್ಕರೆಯ ಮಾತನ್ನಷ್ಟೇ ಕತ್ತರಿಸಿ, ಕೆಳಗೆ ಡಿಜೆ ಬಡಿತ ಸೇರಿಸಿ, ಅಪ್ಪನ ಹೆಣದ ಮೇಲೆ ನಗುವ ಮುಖಗಳನ್ನು ಅಂಟಿಸಿ ಬಿಟ್ಟ. "ಸಕ್ರಿ ಅಜ್ಜಿ" ಅಂತ ಹೆಸರೂ ಇಟ್ಟ. ವಾರದೊಳಗೆ ಅದು ಎಲ್ಲರ ಫೋನಿನಲ್ಲಿತ್ತು. ಮದುವೆ ಮೆರವಣಿಗೆಯಲ್ಲಿ ಅದಕ್ಕೆ ಕುಣಿದವರನ್ನೂ ನಾನು ನೋಡಿದೆ. ಹೆಣದ ಮುಂದಿನ ಅಳುವಿಗೆ ಕುಣಿಯುವವರು ಮನುಷ್ಯರೇನು?

ಅಪ್ಪ ಹೋದ ಮೇಲೆ ಅವ್ವನನ್ನು ದಾಂಡೇಲಿಗೆ ಕರೆತಂದಿದ್ದೆ. ಒಂದು ದಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಮಾರುವವನು ಹಲ್ಲು ಕಿರಿದು, "ಯಜ್ಜೀ, ಚಾದಾಗ ಸಕ್ರಿ ಕಡಿಮಿ ಆತೇನ?" ಅಂದ. ಅಕ್ಕಪಕ್ಕದವರು ನಕ್ಕರು. ಅವ್ವ ಕೈಯಲ್ಲಿದ್ದ ಬದನೆಕಾಯಿ ಕೆಳಗಿಟ್ಟು ಬಂದುಬಿಟ್ಟಳು. ಅವನಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಎಷ್ಟು ಮಂದಿಗೆ ಅಂತ ಬೈಯಲಿ? ಅಂದಿನಿಂದ ಅವ್ವ ಸಾವಿನ ಮನೆಗೆ ಹೋಗುವುದನ್ನೇ ಬಿಟ್ಟಳು. ಕರೆಯಲು ಬಂದವರಿಗೆ "ಮೊಣಕಾಲ ನೋವು ಐತ್ರಿ" ಅನ್ನುತ್ತಿದ್ದಳು. ಅವಳ ದನಿ ಇನ್ನು ಮುಂದೆ ಕೇಳಿಸುತ್ತದೋ ಇಲ್ಲವೋ ಎಂಬ ಹೆದರಿಕೆ ನನಗೆ ಹತ್ತಿತು.

ಆ್ಯಪಿನವರಿಗೆ ದೂರು ಕೊಟ್ಟೆ. "ಪರಿಶೀಲಿಸಿದೆವು, ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ" ಅಂತ ಉತ್ತರ. ಮತ್ತೆ ಕೊಟ್ಟೆ, ಅದೇ ಉತ್ತರ. ಅಲ್ಲಿ ಕೂತು ಓದುವ ಒಂದು ಜೀವವಾದರೂ ಇದೆಯೋ ಇಲ್ಲವೋ! ಹೋಗಲಿ, ದೂರು ಕೊಡಲು ನಾನು ಅದನ್ನು ಮತ್ತೆ ಮತ್ತೆ ತೆರೆದೆನಲ್ಲ, ನನಗೆ ಅದು ಬಹಳ ಹಿಡಿಸಿದೆ ಅಂದುಕೊಂಡಿತು ಆ ಆ್ಯಪು. ಅಂಥವನ್ನೇ ಸಾಲಾಗಿ ತಂದು ಸುರಿಯಿತು. ಯಾರದೋ ಅವ್ವ ಅಳುವುದು, ಯಾರದೋ ಅಜ್ಜ ಜಾರಿ ಬೀಳುವುದು. ನಡುನಡುವೆ ಸಕ್ಕರೆ ಕಾಯಿಲೆಯ ಪುಡಿಯ ಜಾಹೀರಾತು.

ನನ್ನ ಗಿರಾಕಿ, ಹಳಿಯಾಳದ ಒಬ್ಬ ಟೀಚರು, ಅಳತೆ ಕೊಡಲು ಬಂದಾಗ ಇದನ್ನೆಲ್ಲ ಹೇಳಿಕೊಂಡು ಅತ್ತೆ.

"ಅದನ್ನ ಬಿಟ್ಟ ಬರ್ರಿ ಅಕ್ಕಾರ" ಅಂದರು. "ನಾ ಇರೋ ಆ್ಯಪಿನಾಗ ಒಬ್ಬಾಂವ ಮಾಲಕ ಇಲ್ರಿ. ಬ್ಯಾರೆ ಬ್ಯಾರೆ ಮಂದಿ ಸರ್ವರ್ ಅಂತ ತಮ್ಮ ತಮ್ಮ ಸಣ್ಣ ಜಾಗಾ ನಡಸ್ತಾರ. ಯಾವುದ್ರಾಗ ಇದ್ರೂ ಉಳದವ್ರ ಜೋಡಿ ಮಾತಾಡಬಹುದು. ಜಾಹೀರಾತು ಇಲ್ಲ. ನೀವ್ ಯಾರನ್ನ ಆರಿಸ್ತೀರಿ, ಅವ್ರದಷ್ಟ ಕಾಣ್ತೈತಿ."

"ಅಲ್ಲಿ ಮಂದಿ ಎಷ್ಟ ಅದಾರ್ರಿ?"

"ಕಡಿಮಿ. ಖರೇ ಹೇಳ್ತೇನಿ, ಭಾಳ ಕಡಿಮಿ."

ನಮ್ಮ ಮನೆಯವರು, "ಗಿರಾಕಿ ಬಿಟ್ಟ ಸನ್ಯಾಸ ತಗೋತಿಯೇನು?" ಅಂತ ಚೇಷ್ಟೆ ಮಾಡಿದರು. ಮಾಡಲಿ. ಹಳೆಯ ಖಾತೆ ಅಳಿಸಲು ಕೂತರೆ ಅದೂ ಸುಲಭಕ್ಕೆ ಬಿಡಲಿಲ್ಲ. "ನಿಮ್ಮ ಗೆಳೆಯರಿಗೆ ಬೇಸರವಾಗುತ್ತದೆ" ಅಂತ ಒಬ್ಬೊಬ್ಬರ ಫೋಟೋ ತೋರಿಸಿ ಗೋಗರೆಯಿತು. ಅದರಲ್ಲಿ, ಇನ್ನೂ ಖಾತೆ ಉಳಿದಿದ್ದ ಅಪ್ಪನ ಫೋಟೋವೂ ಇತ್ತು. ಸತ್ತವನನ್ನೂ ಮುಂದಿಟ್ಟುಕೊಂಡು ಬೇಡುವ ಈ ನಾಚಿಕೆಗೇಡಿಗೆ ಏನನ್ನಬೇಕು? ಒತ್ತಿ ಅಳಿಸಿ ಹಾಕಿದೆ.

ಟೀಚರು ಸೇರಿಸಿದ ಹೊಸ ಜಾಗ ಭಣಭಣ ಅನ್ನುತ್ತಿತ್ತು. ಬ್ಲೌಸಿನ ಫೋಟೋ ಹಾಕಿದರೆ ಟೀಚರು ಒಬ್ಬರೇ ಚೆಂದ ಐತ್ರಿ ಅನ್ನುತ್ತಿದ್ದರು. ಆದರೂ ಉಸಿರಾಡಲು ಬಂತು. ಅಷ್ಟರಲ್ಲಿ ಒಂದು ದಿನ ಅಲ್ಲಿಗೂ ಬಂತು ಅದೇ ವಿಡಿಯೋ! ಬೇರೆ ಯಾವುದೋ ಸರ್ವರಿನವನೊಬ್ಬ ಹಾಕಿದ್ದ. ನಮ್ಮ ಸರ್ವರ್ ನಡೆಸುವವರಿಗೆ ಬರೆದೆ. ಮಧ್ಯಾಹ್ನದೊಳಗೆ ಉತ್ತರ ಬಂತು: "ಆ ಸರ್ವರ್ ನಡಸೋರಿಗೆ ತೆಗೀರಿ ಅಂತ ಹೇಳಿದೆ, ಒಪ್ಪಲಿಲ್ಲ. ಅವರ ಸರ್ವರ್ ಜೋಡಿ ಸಂಬಂಧ ಕಡದೇನ್ರಿ. ಅವರದು ಏನೂ ಇನ್ನ ನಮ್ಮಲ್ಲಿಗೆ ಬರಂಗಿಲ್ಲ. ಅವ್ವಾರು ಹೆಂಗದಾರ?" ಹೆಂಗದಾರ ಅಂತ ಕೇಳಿದರಲ್ಲ! ಆ ದೊಡ್ಡ ಕಂಪನಿಯ ಯಾವನೂ ಕೇಳಿರಲಿಲ್ಲ.

ಕುಣಿಯುತ್ತ ಹೋಗಿ ಅವ್ವನಿಗೆ ಹೇಳಿದೆ. ಅವಳು ಮೆಂತ್ಯ ಸೊಪ್ಪು ಸೋಸುತ್ತಿದ್ದಳು.

"ಸಂತ್ಯಾಗಿನ ಮಂದಿ ಫೋನಿನಾಗಿಂದ ಅದು ಹೋತೇನು?" ಅಂದಳು.

"ಇಲ್ಲವ್ವಾ. ಅದು ಬ್ಯಾರೆ."

"ಹಂಗಾದ್ರ ಹೋಗಿದ್ದು ಏನು?"

ನಾನು ಬಿಟ್ಟು ಬಂದಿದ್ದೆ, ಅದು ಅಲ್ಲೇ ಇತ್ತು.

ಮುಂಡಗೋಡದ ಹತ್ತಿರ ಇಂದೂರದಲ್ಲಿ ಅವ್ವನ ಒಬ್ಬಳೇ ತಂಗಿ ಇದ್ದಳು. ಈ ವರ್ಷ ಆಕೆ ತೀರಿಕೊಂಡಳು. ಒಡಹುಟ್ಟಿದವಳ ಸಾವಿಗೆ ಮೊಣಕಾಲಿನ ನೆಪ ಹೇಳಲಾಗುತ್ತದೆಯೇ? ಇಬ್ಬರೂ ಹೋದೆವು. ಹೆಂಗಸರು ಸರಿದು ಹೆಣದ ತಲೆಯ ಹತ್ತಿರ ಜಾಗ ಬಿಟ್ಟರು. "ಅಕ್ಕಾರ, ನೀವ ದನಿ ತಗೀರಿ" ಅಂತ ಯಾರೋ ಅಂದರು. ಅವ್ವ ಬಾಯಿ ತೆರೆದಳು. ಬಾಗಿಲಲ್ಲಿ ನಿಂತ ಒಬ್ಬಾಕೆ ಫೋನ್ ಎತ್ತಿ ಹಿಡಿದಿದ್ದಳು. ಪಾಪ, ಯಾರಿಗಾದರೂ ಕಡೆಯ ಮುಖ ತೋರಿಸುತ್ತಿದ್ದಿರಬೇಕು. ಅವ್ವ ಅದನ್ನು ನೋಡಿದಳು, ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ನಾನೆದ್ದು ಆಕೆಗೆ ಫೋನ್ ಇಳಿಸು ಅಂದೆ, ಇಳಿಸಿದಳು. ಅವ್ವ ಮಾತ್ರ ಸೆರಗು ತೆಗೆಯಲಿಲ್ಲ. ಹೆಣ ಎತ್ತುವವರೆಗೂ ಹಾಗೇ ಕೂತಿದ್ದಳು. ಚಿಗವ್ವನ ಮಗಳು ಅವಳ ಭುಜ ಹಿಡಿದು ಅಲುಗಿಸಿ, "ಎಲ್ಲಾರ್ಗೂ ಅತ್ತಿ ದೊಡ್ಡವ್ವಾ, ನಮ್ಮವ್ವ ನಿನಗ ಅಷ್ಟ ಬ್ಯಾಡಾದ್ಲೇನು?" ಅಂತ ಕೇಳಿದಳು.

ದಾಂಡೇಲಿಗೆ ಬಂದ ಮೇಲೆ ಅವ್ವ ಬಾಗಿಲು ಹಾಕಿದಳು, ಕಿಟಕಿ ಹಾಕಿದಳು. "ನಿಂದೂ ಬಂದ್ ಮಾಡು" ಅಂದಳು. ನನ್ನ ಫೋನ್ ಆರಿಸಿದೆ. ಆಮೇಲೆ ನೆಲಕ್ಕೆ ಕೂತು, ಪಕ್ಕದ ಮನೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ತಂಗಿಗಾಗಿ ಹಾಡಿಕೊಂಡು ಅತ್ತಳು. ತನ್ನ ಪಾಲಿನ ರೊಟ್ಟಿ ಮುರಿದು ಅಕ್ಕನಿಗೆ ಕೊಡುತ್ತಿದ್ದವಳು, ಕುಡುಕ ಗಂಡನನ್ನು ತಿದ್ದಿ ಮನೆ ಕಟ್ಟಿದವಳು, ಇಂದೂರದ ಎಷ್ಟೋ ಬಾಣಂತಿಯರಿಗೆ ನೀರು ಹಾಕಿದವಳು. ಅಷ್ಟು ಚೆಂದ ಅವ್ವ ಯಾವತ್ತೂ ಅತ್ತಿರಲಿಲ್ಲ. ನಾನು ಬಿಕ್ಕುತ್ತ ಅವಳ ಕೈ ಹಿಡಿದೆ.

ಅವ್ವ ಕೈ ಬಿಡಿಸಿಕೊಂಡಳು. "ನನ್ನ ತಂಗಿ ಹೆಂಥಾಕಿ ಅಂತ ಇಂದೂರ ಮಂದಿ ಕೇಳಬೇಕಿತ್ತು" ಅಂದಳು. "ನಿನಗೊಬ್ಬಾಕಿಗೆ ಹೇಳಿ ಏನ್ ಮಾಡ್ಲಿ?"