ಹೆಸರಿಲ್ಲದ ಬಿಸ್ಕತ್ತು

ಇವತ್ತು ಬೆಳಿಗ್ಗೆ ಕಾಶಿಯ ಲಂಕಾ ಪೇಟೆಯ ಅಂಗಡಿಯೊಂದರಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಿಡಿದು ಅದರ ಬೆನ್ನು ಓದುತ್ತ ನಿಂತಿದ್ದೆ. ಇರುವೆಗಳು ಓದಲಿ ಎಂದು ಅಚ್ಚು ಹಾಕಿಸಿದಂಥ ಅಕ್ಷರ. ಕನ್ನಡಕವನ್ನು ಹಣೆಗೇರಿಸಿ, ಪೊಟ್ಟಣವನ್ನು ಮೂಗಿನ ತುದಿಗೆ ತಂದಾಗ, ಪಕ್ಕದಲ್ಲಿ ಯಾರೋ ಬಿಚ್ಚಿದ ಇನ್ನೊಂದು ಪೊಟ್ಟಣದಿಂದ ಬೆಂದ ಮೈದಾ, ಹಾಲಿನ ಪುಡಿಯ ಸಿಹಿ ವಾಸನೆ ಬಂತು. ನಾನು ಓದುವುದನ್ನು ನಿಲ್ಲಿಸಿಬಿಟ್ಟೆ.

"ಅರೇ ಮೇಡಂಜೀ, ಬಿಸ್ಕುಟ್ ಹೈ, ಇಮ್ತಿಹಾನ್ ಕಾ ಪರ್ಚಾ ನಹೀ!" ಎಂದು ಅಂಗಡಿಯವನು ನಕ್ಕ. ಅದು ಪ್ರಶ್ನೆಪತ್ರಿಕೆಯಲ್ಲವೆಂದು ಅವನ ತಮಾಷೆ. ಅವನಿಗೇನು ಗೊತ್ತು! ಹೋದ ವರ್ಷ ನಾನು ಬರೆದು ನಪಾಸಾದ ಪ್ರಶ್ನೆಪತ್ರಿಕೆಯೇ ಅದು.

ನಾನು ಹುಟ್ಟಿದ್ದು ಕಾಶಿಯಲ್ಲೇ. ಅಪ್ಪನಿಗೆ ರೈಲ್ವೆ ನೌಕರಿ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು ಇಲ್ಲಿಯೇ ಉಳಿದರು. ಶಾಲೆಯಲ್ಲಿ ಹಿಂದಿ, ಗಲ್ಲಿಯಲ್ಲಿ ಭೋಜಪುರಿ. ಕನ್ನಡ ಕಲಿತದ್ದು ಮಾತ್ರ ನಮ್ಮ ಕಡೆಯವರ ಮಠದ ಅಡಿಗೆಮನೆಯ ಹೊಸ್ತಿಲಲ್ಲಿ. ಅಡಿಗೆಯ ಶಿವಲಿಂಗಯ್ಯ ಅಜ್ಜ ಸೌಟು ಎತ್ತಿ ಹಿಡಿದು ಪಾಠ ಮಾಡುತ್ತಿದ್ದರು. ನಾನು "ಧನಿಯಾ" ಎಂದರೆ ಕಿವಿ ಕೇಳಿಸದವರಂತೆ ಕೂರುವರು. "ಕೊತ್ತಂಬರಿ" ಎಂದರೆ ಮಾತ್ರ ಅಂಗೈಗೆ ಬೆಲ್ಲ ಬೀಳುತ್ತಿತ್ತು. ಅಜವಾನ ಎಂದರೆ ಇಲ್ಲ, ಓಮ ಎಂದರೆ ಉಂಟು. ಹೀಗೆ ನನ್ನ ಕನ್ನಡದ ತುಂಬ ಮಸಾಲೆಯ ವಾಸನೆ. ವ್ಯಾಕರಣ ಈಗಲೂ ಅಷ್ಟಕ್ಕಷ್ಟೇ, ಆದರೆ ಒಗ್ಗರಣೆಗೆ ಏನೇನು ಬೀಳುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ.

ಅಜ್ಜನಿಗೆ ಒಂದು ನೇಮವಿತ್ತು. ಮಠದ ಎಲ್ಲರೂ ಊಟಕ್ಕೆ ಮೊದಲು ಕೊರಳ ಲಿಂಗಕ್ಕೆ ಅರ್ಪಿಸುತ್ತಾರೆ. ಅಜ್ಜ ಅಷ್ಟಕ್ಕೇ ಬಿಡುತ್ತಿರಲಿಲ್ಲ, ತಟ್ಟೆಯಲ್ಲಿರುವುದನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಹೇಳಿ ಅರ್ಪಿಸುವರು. ಅಕ್ಕಿ, ಬ್ಯಾಳಿ, ಅರಿಶಿಣ, ಉಪ್ಪು. ಊಟಕ್ಕೆ ಬಂದವರು ಹಸಿದು ಚಡಪಡಿಸಿದರೆ, "ಮನ್ಯಾಗ ಒಬ್ಬರನ್ನ ಕರ್ಕೊಂಡು ಬರೋ ಮುಂದ ಇವರು ಇಂಥವರು ಅಂತ ಹೇಳ್ತಿರೋ ಇಲ್ಲೋ? ಹಂಗ ಇದು" ಎನ್ನುವರು.

ಮುಂದೆ ನಾನು ಇಲ್ಲಿಯ ಇಂಟರ್ ಕಾಲೇಜಿನಲ್ಲಿ ವಿಜ್ಞಾನದ ಅಧ್ಯಾಪಕಿಯಾದೆ. ಅಂದಿನಿಂದ ಅಜ್ಜನ ಬಾಯಲ್ಲಿ 'ತಂಗಿ' ಹೋಗಿ 'ಅಕ್ಕೋರ' ಆದೆ. ನಿವೃತ್ತಿಯ ಮರುವರ್ಷ ನನಗೆ ಸಕ್ಕರೆ ಕಾಯಿಲೆ ಬಂತು. ಕಾಯಿಲೆಗಿಂತ ದೊಡ್ಡ ಪಿಡುಗು ಅದರ ಹಿಂದೆಯೇ ಬಂದ ತಿಳಿವಳಿಕೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ವಿಡಿಯೊ: ಪೊಟ್ಟಣದಲ್ಲಿ ಸಂಖ್ಯೆ ಕಂಡರೆ ವಿಷ, ಉಚ್ಚರಿಸಲಾರದ ಪದ ಕಂಡರೆ ವಿಷ. ನಾನು ಹೋದ ಮನೆಗಳಲ್ಲಿ ಜನ ಬಿಸ್ಕತ್ತಿನ ಡಬ್ಬಿಯನ್ನು ದಿಂಬಿನ ಹಿಂದೆ ಸರಿಸುವಷ್ಟು ನನ್ನ ಕೀರ್ತಿ ಹರಡಿತು. ನನಗೋ ಹೆಮ್ಮೆ.

ಹೋದ ಚಳಿಗಾಲದ ಹೊತ್ತಿಗೆ ಅಜ್ಜನಿಗೆ ತೊಂಬತ್ತು ದಾಟಿತ್ತು. ಹಲ್ಲು ಒಂದೂ ಉಳಿದಿರಲಿಲ್ಲ, ನಾಲಿಗೆಗೆ ರುಚಿಯೂ ಇರಲಿಲ್ಲ. ನೂರಾರು ಜನಕ್ಕೆ ಹುಗ್ಗಿ ಬಡಿಸಿದ ಕೈ ಒಂದು ಬಟ್ಟಲು ಗಂಜಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಿತ್ತು. ಡಾಕ್ಟರು ಹೇಳಿದ್ದಿಷ್ಟೇ: ಏನು ಒಗ್ಗುತ್ತದೋ ತಿನ್ನಲಿ, ಮೈಗೆ ಕ್ಯಾಲೊರಿ ಬೀಳಬೇಕು, ತೂಕ ಇಳಿಯಬಾರದು. ಆಗ ಮಠದ ಹೊಸ ಅಡಿಗೆಯವ ಬಸವರಾಜ ಬಿಸ್ಕತ್ತನ್ನು ಬಿಸಿ ಹಾಲಿನಲ್ಲಿ ನೆನೆಸಿ ಒಂದು ಚಮಚ ಬಾಯಿಗಿಟ್ಟ. ಅಜ್ಜ ಕಣ್ಣರಳಿಸಿದರಂತೆ. "ಇದರ ರುಚಿ ತಿಳೀತೈತಿ ನೋಡೋ!" ಎಂದರಂತೆ. ಆದರೆ ಎರಡನೆಯ ಚಮಚಕ್ಕೆ ತಡೆದರು. "ಇದರಾಗ ಏನೇನೈತಿ, ಹೆಸರು ಗೊತ್ತಿಲ್ಲಲ್ಲ. ಅಕ್ಕೋರು ಬರ್ಲಿ, ಓದಿ ಹೇಳ್ತಾರ."

ಅಕ್ಕೋರು ಮರುದಿನವೇ ಹೋದರು. ಮೊದಲೇ ಹೇಳಿದೆನಲ್ಲ, ಕೀರ್ತಿ.

ನಾನು ಪೊಟ್ಟಣ ತಿರುಗಿಸಿ ಓದಿದೆ. ಗೋಧಿ ಹಿಟ್ಟು, ಸಕ್ಕರೆ, ತಾಳೆಣ್ಣೆ ಎನ್ನುವವರೆಗೆ ಅಜ್ಜ ತಲೆಯಾಡಿಸಿದರು. ಆಮೇಲೆ ಬಂದವು ಆವರಣದೊಳಗಿನ ಸಂಖ್ಯೆಗಳು: ಐದುನೂರು, ಐದುನೂರ ಮೂರು, ಮುನ್ನೂರ ಇಪ್ಪತ್ತೆರಡು, ಮುನ್ನೂರ ಮೂವತ್ತು.

"ಅಂದ್ರ ಏನವು?"

"ಕೆಮಿಕಲ್ಲು ಅಜ್ಜಾರ. ಎಲ್ಲಾ ವಿಷ."

"ಆತು, ವಿಷಕ್ಕೂ ಹೆಸರಿರ್ತೈತಲ್ಲ?"

"ಹೆಸರಿಲ್ಲ. ಬರೇ ನಂಬರು."

ಸಾಲದೆಂದು, ಕೆಳಗಿನ ಕೋಷ್ಟಕದ ಮೇಲೂ ಬೆರಳಿಟ್ಟೆ. ನೂರು ಗ್ರಾಮಿಗೆ ಇಷ್ಟು ಸಕ್ಕರೆ, ಇಷ್ಟು ಸ್ಯಾಚುರೇಟೆಡ್ ಕೊಬ್ಬು, ನೋಡಿ ಅನ್ಯಾಯ! 'ಶಕ್ತಿ' ಎಂದು ಬರೆದ ಮೊದಲ ಸಾಲನ್ನೇ ದಾಟಿಬಿಟ್ಟೆ. ಆ ಶಕ್ತಿಯೆಂದರೆ ಬೇರೇನಲ್ಲ, ಡಾಕ್ಟರು ಬೇಡಿದ ಕ್ಯಾಲೊರಿಯೇ. ಅಜ್ಜನಿಗೆ ಬೇಕಾಗಿದ್ದದ್ದು ಆ ಒಂದು ಸಾಲು. ನಾನು ಓದಿದ್ದು ನನ್ನ ಕಾಯಿಲೆಗೆ ಬೇಕಾದ ಸಾಲುಗಳನ್ನು.

ಅಜ್ಜ ಪೊಟ್ಟಣವನ್ನು ಮಡಚಿ ಗೂಡಿನಲ್ಲಿಟ್ಟರು. "ಹೆಸರಿಲ್ಲದ್ದನ್ನ ಲಿಂಗಕ್ಕ ಹೆಂಗ ತೋರಸ್ಲಿ ಬಿಡವಾ."

ಮುಂದಿನ ವಾರ ಹೋದಾಗ, "ಏನಾರ ತಿಂದ್ರ್ಯಾ ಅಜ್ಜಾರ?" ಎಂದೆ. "ತಿನ್ನಾಕ ಏನ್ ಉಳಿಸೀರಿ ಅಕ್ಕೋರ, ಎಲ್ಲಾರ್ನೂ ಫೇಲ್ ಮಾಡಿ ಹೋಗೀರಲ್ಲ!" ಎಂದು ಬೊಚ್ಚುಬಾಯಿ ತೆರೆದು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ. ಶಿವರಾತ್ರಿಗೆ ಇನ್ನೂ ಎರಡು ವಾರವಿರುವಾಗ ಅಜ್ಜ ಲಿಂಗೈಕ್ಯರಾದರು. ಸಮಾಧಿಯೊಳಗೆ ಎತ್ತಿ ಕೂರಿಸಿದವರು, ಮೈಯಲ್ಲಿ ಭಾರವೇ ಇರಲಿಲ್ಲ ಎಂದರು.

ಆಮೇಲಿನ ಮಾತು. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ನಿಧಿ ಎಂಬ ಹುಡುಗಿ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದುತ್ತಾಳೆ. ಒಂದು ದಿನ ಅವಳು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದಾಗ ನನ್ನ ಹಳೆಯ ಚಟ ತಲೆಯೆತ್ತಿತು. "ಐದುನೂರು ಇದೆ ಅದರಲ್ಲಿ" ಎಂದೆ. "ಅರೇ ಆಂಟೀ, ವೋ ತೋ ಮೀಠಾ ಸೋಡಾ ಹೈ!" ಎಂದಳು.

ಸೋಡಾ! ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಅದೇ ಸೋಡಿಯಂ ಬೈಕಾರ್ಬೊನೇಟಿಗೆ ವಿನೆಗರ್ ಸುರಿದು ನೊರೆ ಬರಿಸಿ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿದವಳು ನಾನು. ಅಜ್ಜನ ಅಡಿಗೆಮನೆಯಲ್ಲಿ ಅದಕ್ಕೆ ಬೇರೆಯೇ ತಗಡಿನ ಡಬ್ಬಿಯಿತ್ತು, ಭಜಿ ಹಿಟ್ಟಿಗೆ ಒಂದು ಚಿಟಿಕೆ.

ನಿಧಿ ಒಂದೊಂದಾಗಿ ಬಿಡಿಸಿದಳು. ಐದುನೂರ ಮೂರು ಅಮೋನಿಯಂ ಉಪ್ಪು, ಒಲೆಯ ಕಾವಿಗೆ ಹಿಟ್ಟನ್ನು ಉಬ್ಬಿಸಿ ತಾನು ಆವಿಯಾಗಿ ಹೋಗುವಂಥದ್ದು. ಮುನ್ನೂರ ಇಪ್ಪತ್ತೆರಡು ಲೆಸಿಥಿನ್, ಹೆಚ್ಚಾಗಿ ಸೋಯಾ ಕಾಳಿನದು, ಎಣ್ಣೆಯನ್ನೂ ನೀರನ್ನೂ ಜಗಳವಿಲ್ಲದೆ ಒಂದೆಡೆ ಕೂರಿಸುವುದು ಅದರ ಕೆಲಸ. ಮುನ್ನೂರ ಮೂವತ್ತು ಸಿಟ್ರಿಕ್ ಆಮ್ಲ, ಲಿಂಬೆಯಲ್ಲಿರುವ ಹುಳಿ. ಈಗ ಕಾರ್ಖಾನೆಯಲ್ಲಿ ಹುದುಗಿಸಿ ಮಾಡುತ್ತಾರೆ, ಹುಳಿ ಅದೇ. ಕೆಲವು ಬಣ್ಣಗಳ ಬಗ್ಗೆ, ಕೆಡದಂತೆ ಕಾಯುವ ಕೆಲವು ಪದಾರ್ಥಗಳ ಬಗ್ಗೆ ಎಚ್ಚರ ಬೇಕು, ಅಳತೆಯ ಮಿತಿಯೂ ಇದೆ ಎಂದಳು. "ಲೇಕಿನ್ ನಂಬರ್ ಕಾ ಮತಲಬ್ ಜಹರ್ ನಹೀ, ಆಂಟೀ." ನಂಬರಿದ್ದ ಮಾತ್ರಕ್ಕೆ ವಿಷವಲ್ಲವೆಂದು. ಬೇರೆ ಬೇರೆ ಭಾಷೆಯವರಿಗೆ ಪದಾರ್ಥ ಯಾವುದೆಂದು ತಿಳಿಯಲಿ ಎಂದೇ ಆ ಸಂಖ್ಯೆಗಳನ್ನು ಕೊಟ್ಟಿದ್ದಂತೆ. ಪರಭಾಷೆಯ ಊರಿನಲ್ಲಿ ಬದುಕಿದ ನಮ್ಮಂಥವರಿಗೆ!

ಬಿಸ್ಕತ್ತು ಅಮೃತವೆಂದು ನಾನೀಗ ಹೇಳಹೊರಟಿಲ್ಲ. ನನಗಂತೂ ಅದು ಸಲ್ಲದು, ಮಕ್ಕಳಿಗೆ ಊಟದ ಬದಲು ಕೊಡುವ ವಸ್ತುವೂ ಅಲ್ಲ. ಅದು ಅಜ್ಜನನ್ನು ಬದುಕಿಸುತ್ತಿತ್ತೆಂದೂ ಹೇಳಲಾರೆ. ಆದರೆ ಕೊನೆಗೆ ರುಚಿ ತಿಳಿದ ಒಂದೇ ವಸ್ತುವನ್ನು ನಾನು ಅವರ ಬಾಯಿಂದ ತೆಗೆದೆ. ಲೋಕದ ಪದಾರ್ಥಗಳಿಗೆಲ್ಲ ನನಗೆ ಹೆಸರು ಕಲಿಸಿದ ಮನುಷ್ಯ ಬೇಡಿದ್ದು ನಾಲ್ಕೇ ಹೆಸರು. ಗೊತ್ತಿಲ್ಲ, ಕೇಳಿ ಬರುತ್ತೇನೆ ಎಂದಿದ್ದರೂ ಆಗುತ್ತಿತ್ತು. ನಾನು, ಇಲ್ಲ ಎಂದೆ.

ಇವತ್ತು ಅಜ್ಜನ ವರ್ಷದ ದಿನ. ಲಂಕಾದಿಂದ ನೇರ ಮಠಕ್ಕೆ ಹೋದೆ. ಹಿತ್ತಿಲಲ್ಲಿ ಅಜ್ಜನ ಸಮಾಧಿಯ ಗದ್ದುಗೆಯ ಮುಂದೆ ಬಸವರಾಜ ಹುಗ್ಗಿಯ ಎಡೆ ಇಡುತ್ತಿದ್ದ. ನಾನು ಪೊಟ್ಟಣ ತೆಗೆದಾಗ ಹುಬ್ಬೇರಿಸಿದ.

"ಬಿಸ್ಕೀಟ್ ಏನ್ರಿ ಅಕ್ಕೋರ? ನೀವ?"

"ಹೂಂ, ನಾನ." ನಾನು ಗದ್ದುಗೆಯ ಕಡೆ ತಿರುಗಿ, ಬೆಲ್ಲಕ್ಕೆ ಕೈಯೊಡ್ಡಿದ ದಿನಗಳಂತೆ ನಿಂತು ಹೇಳಿದೆ: ಗೋಧಿ ಹಿಟ್ಟು, ಸಕ್ಕರಿ, ತಾಳೆಣ್ಣಿ, ಅಡಿಗಿ ಸೋಡಾ, ಒಲಿಯಾಗ ಹಾರಿ ಹೋಗೋ ಉಪ್ಪು, ಸೋಯಾ ಕಾಳಿನ ಸತ್ವ, ಲಿಂಬಿ ಹುಳಿ. ಸೋಡಾ ಎನ್ನುವುದನ್ನು ಮಾತ್ರ ಎರಡು ಸಲ ಹೇಳಿದೆ. ಆಮೇಲೆ ಎರಡು ಬಿಸ್ಕತ್ತು ತೆಗೆದು ಎಡೆಯ ಪಕ್ಕದಲ್ಲಿಡಲು ಬಗ್ಗಿದೆ.

ಬಸವರಾಜ ನನ್ನ ಕೈ ತಡೆದ.

"ಒಣಾದ್ದ ಇಡ್ತೀರೇನ್ರಿ? ಅಜ್ಜಾರಿಗೆ ಹಲ್ಲು ಎಲ್ಲಿದ್ದೂ! ತಡೀರಿ, ಹಾಲು ಕಾಸಿ ತರ್ತೀನಿ."

ಅವನು ಅಡಿಗೆಮನೆಗೆ ಹೋದ. ನಾನು ಎರಡು ಬಿಸ್ಕತ್ತು ಅಂಗೈಯಲ್ಲಿಟ್ಟುಕೊಂಡು, ಹಾಲು ಬರುವವರೆಗೆ ಅಲ್ಲೇ ಕೂತೆ.