ಕೆಂಪು ಕಾಣದ ಟೀವಿ

ಅಮೆರಿಕದ ಅಯೋವಾದ ಆ ಊರಲ್ಲಿ ಗಾಜಿನ ವಾಲ್ವುಗಳಿರುವ ಹಳೇ ಕಾಲದ ಕಲರ್ ಟೀವಿ ಕೆಟ್ಟರೆ ಇನ್ನೂ ರಿಪೇರಿಗೆ ಕೈ ಹಾಕುವವನು ಡೆಲ್ಬರ್ಟ್ ಒಬ್ಬನೇ. ಬರ್ನೀಸಳ ಮನೆಯ ಹಳೇ ಟೀವಿಯಲ್ಲಿ ಎಲ್ಲರ ಮುಖವೂ ಹಸಿರಾಗಿತ್ತು. ಕೆಂಪು ಬಣ್ಣ ಮೂಡಿಸುವ ವಾಲ್ವನ್ನು ಡೆಲ್ಬರ್ಟ್ ಬದಲಿಸಿ ನೋಡಿದ, ಏನೂ ಆಗಲಿಲ್ಲ. ಚಿತ್ರ ಮೂಡುವ ಪಿಕ್ಚರ್ ಟ್ಯೂಬೇ ಹೋಯಿತೇನೋ ಎಂದುಕೊಂಡ. ಅಂಥದ್ದು ಈಗ ಸಿಗುವುದಿಲ್ಲ. ಪರೀಕ್ಷಿಸಿದರೆ ಟ್ಯೂಬು ಚೆನ್ನಾಗಿಯೇ ಇತ್ತು. ಕೊನೆಗೆ ಹಿಂಬದಿಗೆ ಬಗ್ಗಿದಾಗ, ಕೆಂಪು ಬಣ್ಣವನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಪೂರಾ ಇಳಿದಿರುವುದು ಕಂಡಿತು.

"ಇದನ್ನ ಯಾರು ತಿರುಗಿಸಿದ್ದು?"

ಬರ್ನೀಸಳ ಗಂಡ ಆರ್ವಿಲ್ ಕೆಮ್ಮಿದ. "ಧೂಳು ಒರೆಸ್ತಾ ಕೈ ತಗಲ್ತು. ಚಿತ್ರ ಸರಿಯಾಗೇ ಇದೆ ಅನ್ನಿಸ್ತು. ನಂಗೆ ಕೆಂಪು, ಹಸಿರು ಎರಡೂ ಒಂದೇ ಕಣೋ, ಹುಟ್ಟಿದಾಗಿಂದ."

"ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲೋ!" ಬರ್ನೀಸ್ ರೇಗಿದಳು. "ನನ್ನ ಕೆಂಪು ಕೋಟು ಚೆನ್ನಾಗಿದೆ ಅಂತಿದ್ದೆ?"

"ಕೋಟು ಚೆನ್ನಾಗಿತ್ತು. ಬಣ್ಣದ ಮಾತು ನಾನೆಲ್ಲಿ ಎತ್ತಿದ್ದೆ?"

ನಗು ತಡೆಯಲಾಗದೆ ಅವಳು ಕುರ್ಚಿಯಲ್ಲಿ ಕುಸಿದಳು. ಡೆಲ್ಬರ್ಟ್ ತಿರುಪನ್ನು ನಿಧಾನವಾಗಿ ಏರಿಸಿದ. ಸುದ್ದಿ ಓದುವವನ ಕೆನ್ನೆಗೆ ಜೀವ ಬಂತು. ಆರ್ವಿಲ್ ಮಾತ್ರ ಪರದೆ ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತಾ, "ಸರಿಹೋಯ್ತಾ?" ಎಂದು ಕೇಳಿದ.